ಹೆಬ್ಬೆರಳಿನ ಹಸಿರು ಚುಕ್ಕೆ

ನಮ್ಮ ಡಾಕ್ಟರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಸಾಸಿವೆ ಕಾಳಿನಷ್ಟು ಒಂದು ಹಸಿರು ಚುಕ್ಕೆ ಇರುತ್ತಿತ್ತು. ಮಿಲಿಟರಿ ಲಾರಿಯ ಹಸಿರು. ಕುಂಚದ ತುದಿಯಲ್ಲಿ ಬಣ್ಣ ಸರಿಯಾಗಿ ನಿಂತಿದೆಯೇ ಎಂದು ಅವರು ನೋಡಿಕೊಳ್ಳುತ್ತಿದ್ದುದು ಆ ಉಗುರಿನ ಮೇಲೆ. ಮೊದಲ ಸಲ ಬಂದ ರೋಗಿಗಳು ಅದನ್ನು ಕಂಡು, ಹಲ್ಲಿನ ಡಾಕ್ಟರ ಉಗುರೇ ಕೊಳೆತಿದೆಯಲ್ಲ ಎಂಬಂತೆ ನನ್ನ ಮುಖ ನೋಡುತ್ತಿದ್ದರು. ಡಾಕ್ಟರು ಕೈಗವಸು ಹಾಕಿಕೊಂಡ ಮೇಲೆ ಆ ಮಾತು ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿದ್ದ ಅವರ ದವಾಖಾನೆಯಲ್ಲಿ ನಾನು ಹತ್ತೊಂಬತ್ತು ವರ್ಷ ಸಹಾಯಕಿಯಾಗಿದ್ದೆ. ನಾನು ಬನವಾಸಿ ಕಡೆಯವಳು. ರಕ್ತ ಕಂಡರೆ ತಲೆ ತಿರುಗುವ ಜಾತಿ. ಕೆಲಸ ಕೇಳಲು ಹೋದ ದಿನ ಅವರು, "ರಕ್ತ ಕಂಡ್ರೆ ಹೆದ್ರಿಕೆ ಆಗ್ತದಾ?" ಎಂದು ಕೇಳಿದರು. "ಇಲ್ರಿ" ಎಂದೆ. "ಸುಳ್ಳು ಹೇಳುವಾಗ ಕೆಳತುಟಿ ಕಚ್ಚಬೇಡ. ಇಲ್ಲಿ ನಾವು ನೋಡೋದೇ ಹಲ್ಲು" ಎಂದರು. ಹೆದರಿದಾಗ ಕೆಳತುಟಿಯನ್ನು ಹಲ್ಲಿನ ನಡುವೆ ಎಳೆದುಕೊಳ್ಳುವ ಅಭ್ಯಾಸ ನನಗಿದೆ ಎಂದು ಗೊತ್ತಾದದ್ದೇ ಅವತ್ತು. ಕೆಲಸ ಮಾತ್ರ ಸಿಕ್ಕಿತು.

ಕಾಯುವ ಕೋಣೆಯಲ್ಲಿ ಮಂಚದಷ್ಟು ದೊಡ್ಡ ಗಾಜಿನ ಪೆಟ್ಟಿಗೆ. ಅದರೊಳಗೆ ಅವರು ಕೈಯಾರೆ ಮಾಡಿದ ಅರಬೈಲ್ ಘಟ್ಟ. ಮೂರು ತಿರುವು, ರಸ್ತೆಗಾಗಿ ಗುಡ್ಡ ಕಡಿದ ಕೆಂಪು ದರೆ, ಒಂದರ ಹಿಂದೊಂದು ನಿಂತ ಹನ್ನೊಂದು ಮಿಲಿಟರಿ ಲಾರಿಗಳು, ಎರಡು ಇಂಚು ಎತ್ತರದ ನಲವತ್ತಕ್ಕೂ ಹೆಚ್ಚು ಸಿಪಾಯಿಗಳು. ಚಿಕ್ಕವರಿದ್ದಾಗ ಅಪ್ಪನ ಜೊತೆ ಯಲ್ಲಾಪುರದಿಂದ ಅಂಕೋಲೆಗೆ ಹೋಗುವಾಗ ಘಟ್ಟದಲ್ಲಿ ನಿಂತಿದ್ದ ಅಂಥ ಲಾರಿ ಸಾಲನ್ನು ಅವರು ನೋಡಿದ್ದರಂತೆ. ಒಬ್ಬ ಸಿಪಾಯಿ ಬಂದೂಕು ತೊಡೆಯ ಮೇಲಿಟ್ಟುಕೊಂಡು, ದವಡೆ ಹಿಡಿದು ಅಳುತ್ತಿದ್ದನಂತೆ. ಅದಕ್ಕೇ ಹಲ್ಲಿನ ಡಾಕ್ಟರಾದೆ ಎನ್ನುತ್ತಿದ್ದರು. ನಂಬಬೇಕೋ ಬಿಡಬೇಕೋ ನನಗೆ ಈಗಲೂ ಗೊತ್ತಿಲ್ಲ.

ಮಧ್ಯಾಹ್ನ ಒಂದರಿಂದ ನಾಲ್ಕು ಗಂಟೆ ಅವರ ಮಿಲಿಟರಿ ವೇಳೆ. ಘಟ್ಟದ ಗುಡ್ಡವೆಲ್ಲ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರಿನದು. ಲಾರಿಯ ಗಾಜು ಹಳೆಯ ಎಕ್ಸ್‌ರೇ ಫಿಲ್ಮಿನದು, ತಾಡಪತ್ರಿ ಗೋಂದಿನಲ್ಲಿ ಅದ್ದಿದ ಗಾಯದ ಬಟ್ಟೆಯದು. ಮರಗಳಿಗೆ ಬೇಕಾದ ಬೆಂಡನ್ನು ಬಾಸಿಂಗ ಮಾಡುವ ಗುಡಿಗಾರ ಗೆಳೆಯರೊಬ್ಬರು ಕೊಡುತ್ತಿದ್ದರು. ಹಲ್ಲು ಕೊರೆಯುವ ಸೂಜಿಯಲ್ಲೇ ಬಂದೂಕಿನ ನಳಿಗೆ ಕೊರೆಯುತ್ತಿದ್ದರು. ಆ ಸೂಜಿಗಳನ್ನು ಬೇರೆ ಡಬ್ಬಿಯಲ್ಲಿಡಬೇಕೆಂದು ನಾನು ಜಗಳವಾಡಿ, ಡಬ್ಬಿಯ ಮೇಲೆ 'ಯುದ್ಧಕ್ಕೆ' ಎಂದು ಚೀಟಿ ಅಂಟಿಸಿದ್ದೆ.

ಯುದ್ಧ ಮಾತ್ರ ಆ ಪೆಟ್ಟಿಗೆಯಲ್ಲಿ ಎಲ್ಲೂ ಇರಲಿಲ್ಲ. ಒಬ್ಬ ಚಹಾ ಕುಡಿಯುತ್ತಿದ್ದಾನೆ, ಇನ್ನೊಬ್ಬ ಟೈರು ಬಿಚ್ಚುತ್ತಿದ್ದಾನೆ, ಮತ್ತೊಬ್ಬ ಮುಂದಿನ ತಿರುವಿನ ಕಡೆ ಸುಮ್ಮನೆ ನೋಡುತ್ತಿದ್ದಾನೆ. ನಿವೃತ್ತ ಹವಾಲ್ದಾರರೊಬ್ಬರು ದವಡೆ ಊದಿಸಿಕೊಂಡೇ ಪೆಟ್ಟಿಗೆ ಸುತ್ತಿ ಬಂದು, "ಡಾಕ್ಟ್ರೇ, ಒಬ್ಬನೂ ಗುಂಡು ಹಾರಿಸ್ತಾ ಇಲ್ಲವಲ್ಲ" ಎಂದರು. "ಗುಂಡು ಹಾರಿಸುವವನ ಮುಖ ನಂಗೆ ಗೊತ್ತಿಲ್ಲ ಮಾರಾಯ್ರೇ. ಹೆದರಿದವರ ಮುಖ ದಿನಾ ಈ ಕುರ್ಚಿಯಲ್ಲಿ ಕಾಣ್ತದೆ. ಅದನ್ನೇ ಮಾಡೋದು" ಎಂದರು ಡಾಕ್ಟರು. ಒಂದು ತಿಂಗಳು ಬಿಟ್ಟು ನೋಡಿದರೆ ಎರಡನೆಯ ಲಾರಿಯ ಡ್ರೈವರಿಗೆ ಹವಾಲ್ದಾರರದೇ ಊದಿದ ಮುಖ.

ಡಾಕ್ಟರ ಬಾಯಲ್ಲಿ ಎರಡು ಕನ್ನಡ ಇದ್ದವು. ನನ್ನ ಜೊತೆ, ಔಷಧಿ ಅಂಗಡಿಯವರ ಜೊತೆ ಪೇಟೆಯ ಕನ್ನಡ. ಕುರ್ಚಿಯಲ್ಲಿ ಕೂತು ನಡುಗುವವರಿಗೆ ಮಾತ್ರ, ಅವರು ಯಾವ ಜಾತಿಯವರೇ ಇರಲಿ, ಸಿದ್ದಾಪುರದ ತಮ್ಮ ಮನೆಮಾತು. "ಹೆದ್ರಡ. ಎಂತೂ ಆಗ್ತಿಲ್ಲೆ." ಹೆದರಬೇಡ, ಏನೂ ಆಗುವುದಿಲ್ಲ ಎಂದು. ಅರ್ಥವಾಗದವರೂ ಬಾಯಿ ತೆರೆಯುತ್ತಿದ್ದರು.

ಸಿಪಾಯಿಗಳ ಕಣ್ಣನ್ನು ಅವರು ಎಲ್ಲಕ್ಕಿಂತ ಕಡೆಗೆ ಬರೆಯುತ್ತಿದ್ದರು. ಒಂದೇ ಕೂದಲು ಉಳಿಸಿಕೊಂಡ ಕುಂಚ, ತಡೆಹಿಡಿದ ಉಸಿರು. ನಾನು ಬಾಗಿಲು ದೂಡಿದ ಸದ್ದಿಗೂ ಆ ಕೈ ಅಲ್ಲಾಡುತ್ತಿರಲಿಲ್ಲ. ಹೆದರುವ ಹೆಂಗಸು ಹತ್ತೊಂಬತ್ತು ವರ್ಷ ರಕ್ತದ ಪಕ್ಕದಲ್ಲಿ ನಿಂತದ್ದು ಆ ಕೈಯ ಧೈರ್ಯದಿಂದ.

ಒಂದು ಮಧ್ಯಾಹ್ನ ಅವರ ಉಗುರು ನೋಡಿದೆ. ಚುಕ್ಕೆ ದುಂಡಗಿರಲಿಲ್ಲ. ಬಾಲ ಎಳೆದಂತೆ ಉಗುರಿನ ಅಂಚಿನವರೆಗೆ ಸವರಿಕೊಂಡು ಹೋಗಿತ್ತು. ಕುಂಚ ಜಾರಿರಬೇಕು ಎಂದುಕೊಂಡೆ. ಮಾರನೆಯ ದಿನವೂ ಬಾಲ ಇತ್ತು. ಆ ವಾರ ಪೆಟ್ಟಿಗೆಗೆ ಬಂದ ಹೊಸ ಸಿಪಾಯಿಯ ಒಂದು ಕಣ್ಣು ಕೆನ್ನೆಯ ಮೇಲೆ ಕೂತಿತ್ತು.

ಅಲ್ಲಿಂದ ನಾನು ರೋಗಿಗಳ ಬಾಯಿ ನೋಡುವುದನ್ನು ಬಿಟ್ಟೆ. ನೋಡಿದ್ದು ಡಾಕ್ಟರ ಬಲಗೈ ಒಂದನ್ನೇ. ಸೂಜಿ ತುಟಿಯ ಹತ್ತಿರ ಬಂದಾಗ ಅದರ ತುದಿ ಸಣ್ಣಗೆ ಅದುರುತ್ತಿತ್ತು. ಅವರು ಮುಂಗೈಯನ್ನು ರೋಗಿಯ ಗದ್ದಕ್ಕೆ ಊರಿ ನಿಲ್ಲಿಸುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮತ್ತಿಘಟ್ಟದಿಂದ ಬಂದ ಒಬ್ಬ ಹೆಂಗಸಿನ ಹಲ್ಲು ಕೊರೆಯುವಾಗ ಯಂತ್ರ ಜಾರಿ ಕೆನ್ನೆಯ ಒಳಭಾಗ ಹರಿಯಿತು. ಅಷ್ಟೇನೂ ದೊಡ್ಡ ಗಾಯವಲ್ಲ. ಹತ್ತಿ ಒತ್ತಿ ಹಿಡಿದದ್ದು ನಾನೇ. "ಎಂತೂ ಆಗಿಲ್ಲೆ" ಎಂದರು ಡಾಕ್ಟರು. ಆ ಹೆಂಗಸು ಕಣ್ಣೀರು ಒರೆಸಿಕೊಂಡು ನಮಸ್ಕಾರ ಮಾಡಿ ಹೋದಳು.

ಹೇಳಬೇಕಿತ್ತು. ದವಾಖಾನೆಯ ಮೆಟ್ಟಿಲು ಇಪ್ಪತ್ತೆರಡು. ದಿನಾ ಬೆಳಿಗ್ಗೆ ಮೊದಲ ಮೆಟ್ಟಿಲಲ್ಲಿ ಆ ಮಾತು ಬಾಯಿಗೆ ಬರುತ್ತಿತ್ತು. ಡಾಕ್ಟ್ರ, ನಿಮ್ಮ ಕೈ ನಡಗಾಕತ್ತೈತ್ರಿ. ಹತ್ತನೆಯ ಮೆಟ್ಟಿಲಿಗೆ ಗಂಟಲಿಗೆ ಇಳಿಯುತ್ತಿತ್ತು. ಮೇಲೆ ಹೋಗಿ ಅವರ ಮುಖ ಕಂಡ ಕೂಡಲೇ "ನಮಸ್ಕಾರ್ರಿ" ಎಂದು ಏಪ್ರನ್ ಕಟ್ಟಿಕೊಳ್ಳುತ್ತಿದ್ದೆ. ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಅದಕ್ಕಿಂತ ದೊಡ್ಡದು, ಆ ಮಾತು ಕೇಳಿದ ಮೇಲೆ ಅವರ ಮುಖ ಹೇಗಾಗಬಹುದು ಎಂಬ ಹೆದರಿಕೆ. ಇವೆರಡರ ನಡುವೆ ಯಾರದೋ ನಾಲಿಗೆ, ಯಾರದೋ ನರ ತುಂಡಾಗುವ ದಿನ ಹತ್ತಿರ ಬರುತ್ತಿತ್ತು. ರೋಗಿ ಎದ್ದು ಹೋದ ಮೇಲೆ ಬಚ್ಚಲಿಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಹೀಗೆ ನಾಲ್ಕು ತಿಂಗಳು.

ಆಮೇಲೆ ಅವ್ವ ಬಂದಳು. ದವಡೆ ಹಲ್ಲಿನ ನೋವು ತಡೆಯಲಾರದೆ, ನನಗೆ ಹೇಳದೆ ಕೇಳದೆ ಬನವಾಸಿಯಿಂದ ಬೆಳಗಿನ ಬಸ್ಸು ಹತ್ತಿ ಸೀದಾ ದವಾಖಾನೆಗೇ ಬಂದಿದ್ದಳು. "ನಮ್ಮ ಮಗಳ ಡಾಕ್ಟ್ರು" ಎಂದು ಕಾಯುವವರಿಗೆಲ್ಲ ಹೇಳಿ ಆಗಿತ್ತು. ಕುರ್ಚಿಯಲ್ಲಿ ಕೂತು, "ಜಲ್ದಿ ಕಿತ್ತ ಬಿಡ್ರಿ ಡಾಕ್ಟ್ರ, ಹನ್ನೆರಡರ ಬಸ್ಸಿಗೆ ಹೋಗಬೇಕು" ಎಂದಳು. ಬಾಯಿ ಅಗಲಿಸಿ ಕಣ್ಣು ಮುಚ್ಚಿದಳು.

ನಾನು ಔಷಧಿ ತುಂಬಿದ ಸೂಜಿಯನ್ನು ಡಾಕ್ಟರ ಕೈಗೆ ಕೊಟ್ಟೆ. ಕೊಟ್ಟವಳು ಬಿಡಲಿಲ್ಲ. ಬಿಡಬೇಕೆಂದು ಬೆರಳಿಗೆ ಹೇಳುತ್ತಿದ್ದೇನೆ, ಬೆರಳು ಕೇಳುತ್ತಿಲ್ಲ. ಅವರ ನಡುಕ ಆ ಸೂಜಿಯಲ್ಲಿ ಹಾದು ನನ್ನ ಕೈಗೆ ಬರುತ್ತಿತ್ತು. ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಅವತ್ತು ಗಡಿಬಿಡಿಯಲ್ಲಿ ನಾನು ಮಾಸ್ಕ್ ಹಾಕಿಕೊಂಡಿರಲಿಲ್ಲ. ಕೆಳತುಟಿ ಹಲ್ಲಿನ ನಡುವೆ ಸಿಕ್ಕಿ ಉಪ್ಪು ಉಪ್ಪಾಗಿತ್ತು.

ಅವರು ಕೈ ಹಿಂದೆ ತೆಗೆದುಕೊಂಡರು. "ಅಮ್ಮಾ, ಇವತ್ತು ನನ್ನಿಂದ ಆಗೋದಿಲ್ಲ" ಎಂದು ಬೀದಿಯ ಆ ತುದಿಯ ಡಾಕ್ಟರಿಗೆ ಒಂದು ಚೀಟಿ ಬರೆದರು. ಅಕ್ಷರಗಳೆಲ್ಲ ಅಂಕುಡೊಂಕು. ಅವ್ವ ಕೆಳಗಿಳಿದ ಮೇಲೆ ಕೈಗವಸು ಕಳಚಿ ಕುರ್ಚಿಯ ತೋಳಿನ ಮೇಲೆ ಹಾಕಿದರು.

"ಹೆದ್ರಡ ಕೂಸೇ" ಎಂದರು. "ಇನ್ನು ಆನು ಹಲ್ಲು ಕೀಳ್ತಿಲ್ಲೆ."

ಹತ್ತೊಂಬತ್ತು ವರ್ಷದಲ್ಲಿ ನನ್ನ ಜೊತೆ ಅವರು ಮನೆಮಾತು ಆಡಿದ್ದು ಅದೇ ಮೊದಲು. ನಾನು ಅಳಲು ಶುರುಮಾಡಿದೆ. ಅವರು, "ಎಂಗೂ ಗೊತ್ತಿತ್ತು. ನಿನ್ನ ಬಾಯಿಂದ್ಲೇ ಬರ್ಲಿ ಹೇಳಿ ಕಾಯ್ತಾ ಇದ್ದಿದ್ದೆ" ಎಂದರು. ಕೈ ನಡುಗುವುದು ಅವರಿಗೂ ಗೊತ್ತಿತ್ತು, ಅವರೂ ಹೆದರಿದ್ದರು. ಇಬ್ಬರು ಹೆದರುಪುಕ್ಕಲರು ಒಬ್ಬರ ಮುಖ ಒಬ್ಬರು ಕಾಯುತ್ತ, ಊರಿನವರ ಬಾಯೊಳಗೆ ನಾಲ್ಕು ತಿಂಗಳು ಚೂಪು ಸೂಜಿ ಹಿಡಿದಿದ್ದೆವು. ಮತ್ತಿಘಟ್ಟದ ಆ ಹೆಂಗಸೂ ಯಾರದೋ ಅವ್ವನೇ. ಅವಳು ಕೂತಾಗ ನಾನು ಸೂಜಿಯನ್ನು ಸಲೀಸಾಗಿ ಬಿಟ್ಟಿದ್ದೆ. ಈ ಮಾತನ್ನು ಅವರು ಆಡಲಿಲ್ಲ. ನನಗೆ ನಾನೇ ಆಡಿಕೊಂಡಿದ್ದೇನೆ, ಬೇಕಾದಷ್ಟು ಸಲ.

ದವಾಖಾನೆ ಆ ವಾರವೇ ಮುಚ್ಚಿತು. ಅವರು ಚೀಟಿ ಕೊಟ್ಟ ಡಾಕ್ಟರ ಹತ್ತಿರವೇ ನನಗೂ ಕೆಲಸಕ್ಕೆ ಮಾತಾಡಿದರು. ಆಮೇಲೆ ಎರಡು ವರ್ಷ ಇದ್ದರು. ನೋಡಲು ಅವರ ಮನೆಗೆ ಹೋದಾಗಲೆಲ್ಲ, ಅಲ್ಲಿಗೆ ಸಾಗಿಸಿದ್ದ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದರು. ಮೂರನೆಯ ತಿರುವಿನ ಮೇಲೆ ಒಂದು ಬಟ್ಟೆ ಹೊದಿಸಿ, "ಅದು ಮುಗಿದಿಲ್ಲ, ಇಣುಕಬೇಡ" ಎನ್ನುತ್ತಿದ್ದರು.

ಹೋದ ವರ್ಷ ತೀರಿಕೊಂಡರು. ಹದಿನೈದು ದಿನ ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿ, ಪೆಟ್ಟಿಗೆ ನನಗೇ ಸೇರಬೇಕೆಂದು ಹೇಳಿಟ್ಟಿದ್ದಾರೆ ಎಂದರು. ಟೆಂಪೋದಲ್ಲಿ ತರುವಾಗ ಒಂದೊಂದು ಹೊಂಡಕ್ಕೂ ಜೀವ ಹೋಗಿ ಬಂತು. ಮನೆಯಲ್ಲಿಳಿಸಿ ಬಟ್ಟೆ ತೆಗೆದೆ.

ಮೂರನೆಯ ತಿರುವಿನಲ್ಲಿ ಒಬ್ಬ ಸಿಪಾಯಿ ಪೆಟ್ಟಿಗೆಯೊಂದರ ಮೇಲೆ ಕೂತು ಬಾಯಿ ಅಗಲಿಸಿದ್ದ. ಅವನ ಮುಂದೆ ಬಿಳಿ ಕೋಟಿನ ಡಾಕ್ಟರು ಬಾಗಿದ್ದರು. ಅವರ ಎಡಗೈ ತುದಿಯಲ್ಲಿ ಸೂಜಿಮೊನೆಯಷ್ಟು ಹಸಿರು. ಹಿಂದೆ ತಟ್ಟೆ ಹಿಡಿದು ನಿಂತ ಇನ್ನೊಬ್ಬ ಸಿಪಾಯಿ. ಅವನ ಒಂದು ಕಣ್ಣು ಜಾರಿ ಕೆನ್ನೆಗೆ ಬಂದಿತ್ತು. ಕೆಳತುಟಿ ಮಾತ್ರ ಒಳಗೆ ಎಳೆದುಕೊಂಡದ್ದು ಸ್ಪಷ್ಟವಾಗಿತ್ತು. ಅದು ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಡಾಕ್ಟರ ಬಲಗೈ ಖಾಲಿ ಇತ್ತು. ಹಲ್ಲು ಕೀಳುವ ಇಕ್ಕಳ ಟೆಂಪೋದಲ್ಲಿ ಉದುರಿರಬೇಕೆಂದು ಟಾರ್ಚು ಹಿಡಿದು ಘಟ್ಟದ ರಸ್ತೆಯನ್ನೆಲ್ಲ ಹುಡುಕಿದೆ, ಲಾರಿಗಳ ಅಡಿಯಲ್ಲೂ ನೋಡಿದೆ. ಸಿಗಲಿಲ್ಲ. ಮತ್ತೆ ಆ ಕೈಗೆ ಬೆಳಕು ಹಿಡಿದೆ. ಅಂಗೈಯ ಬಣ್ಣ ಇಡಿಯಾಗಿತ್ತು, ಗೋಂದಿನ ಕಲೆ ಇರಲಿಲ್ಲ. ಅಲ್ಲಿ ಅವರು ಏನನ್ನೂ ಅಂಟಿಸಿಯೇ ಇರಲಿಲ್ಲ.

ಗಾಜಿನ ಮುಂದೆ ನಿಂತು, "ಡಾಕ್ಟ್ರ, ನಿಮ್ಮ ಕೈ ನಡಗಾಕತ್ತೈತ್ರಿ" ಎಂದೆ. ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲ ಸಲ. ನಾಲ್ಕೇ ಶಬ್ದ. ಎರಡು ಮೆಟ್ಟಿಲು ಹತ್ತುವಷ್ಟು ಹೊತ್ತೂ ಹಿಡಿಯಲಿಲ್ಲ.