ಎಕ್ಕಿಹಾಳ ಕ್ರಾಸ್

ಆ ಸಭೆಯಲ್ಲಿ ಯಾರು ಎದ್ದು ನಿಂತರು, ಯಾರು ಕೂತೇ ಇದ್ದರು ಎಂಬುದು ನನಗೆ ಖಚಿತವಿರಲಿಲ್ಲ. ಕಂಡಕ್ಟರ್ ಕಾಕಾ ಮತ್ತು ನಾನು ಇಬ್ಬರೇ ಕೊನೆಯವರೆಗೂ ಕೂತಿದ್ದೆವು ಎಂದು ಎಷ್ಟೋ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಅಷ್ಟು ಸಲ ಹೇಳಿದ ಮೇಲೆ ಅದು ನಡೆದದ್ದೋ, ಹೇಳಿ ಹೇಳಿ ರೂಢಿಯಾದದ್ದೋ...

ಹೋದ ತಿಂಗಳು ಬೀಳಗಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ಯಂತ್ರದಿಂದ ಹರಿದು ಕೊಟ್ಟ ಟಿಕೆಟ್ ಇದನ್ನೆಲ್ಲ ಕೆದಕಿತು. ನಾನು ಇಳಿಯುವ ಸ್ಟಾಪಿನ ಜಾಗದಲ್ಲಿ ತೀರಿಹೋದ ರಾಜಕಾರಣಿಯೊಬ್ಬರ ಹೆಸರಿತ್ತು. ಬಿರುದುಗಳೆಲ್ಲ ಸೇರಿ ಚೀಟಿಯಲ್ಲಿ ಹಿಡಿಸದೆ, ಹೆಸರಿನ ಕೊನೆಯ ಅಕ್ಷರಗಳು ತುಂಡಾಗಿದ್ದವು.

ಕಾಕಾ ನಮ್ಮ ಪಕ್ಕದ ಮನೆಯವರು. ನಾನು ಹುಟ್ಟುವ ಮೊದಲೇ ನಮ್ಮೂರು ಎಕ್ಕಿಹಾಳ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತು. ನಮಗೆಲ್ಲ ರಸ್ತೆ ಬದಿಗೆ ಪ್ಲಾಟು ಸಿಕ್ಕವು. ಕಾಗದಪತ್ರಗಳಲ್ಲಿ ಆ ಜಾಗಕ್ಕೆ ಪುನರ್ವಸತಿ ಕೇಂದ್ರ ಎಂದಷ್ಟೇ ಹೆಸರು, ಮುಂದೊಂದು ನಂಬರು. ಆ ದಾರಿಯ ಬಸ್ಸಿಗೆ ಕಾಕಾ ಕಂಡಕ್ಟರ್. ತಿರುವು ಬಂದಾಗಲೆಲ್ಲ ಬಾಗಿಲಲ್ಲಿ ನಿಂತು, "ಎಕ್ಕಿಹಾಳ ಕ್ರಾಸ್ ಯಾರ್ರೀ ಇಳಿಯವ್ರು" ಎಂದು ಕೂಗುತ್ತಿದ್ದರು. ಕೆಲವೇ ವರ್ಷಗಳಲ್ಲಿ ಉಳಿದ ಕಂಡಕ್ಟರುಗಳೂ ಹಾಗೆಯೇ ಕೂಗತೊಡಗಿದರು. ಮದುವೆಯ ಕಾರ್ಡುಗಳಲ್ಲೂ ಆ ಹೆಸರು ಅಚ್ಚಾಯಿತು. ಸರಕಾರದ ಆದೇಶ ಯಾವುದೂ ಇರಲಿಲ್ಲ.

ಆಮೇಲೆ ಸಾಹೇಬರು, ಅಂದರೆ ಈಗ ಟಿಕೆಟ್ಟಿನಲ್ಲಿ ಹೆಸರಿರುವ ಆ ರಾಜಕಾರಣಿ, ತೀರಿಕೊಂಡರು. ನಮ್ಮ ಕಡೆ ದೊಡ್ಡವರು ಸತ್ತರೆ ಸರ್ಕಲ್ಲುಗಳ ಹಳೆಯ ಹೆಸರಿಗೆ ಉಳಿಗಾಲವಿಲ್ಲ. ನಮ್ಮ ಪುನರ್ವಸತಿ ಕೇಂದ್ರದಲ್ಲಿ ಗಟಾರವಿರಲಿಲ್ಲ, ದವಾಖಾನೆಯ ಬೀಗ ತೆಗೆದದ್ದನ್ನು ನಾನು ಕಂಡಿರಲಿಲ್ಲ. ಅದಕ್ಕೆಲ್ಲ ಎಂದೂ ಸೇರದ ಸಭೆ ಕ್ರಾಸಿನ ಹೆಸರು ಬದಲಿಸಲು ಸೇರಿತು. ಕಾಕಾ ಆಗ ನಿವೃತ್ತರು. ಹೆಸರು ಬದಲಿಸಬಾರದೆಂದು ನನ್ನಿಂದ ಒಂದು ಅರ್ಜಿ ಬರೆಸಿಕೊಂಡು, ನನ್ನನ್ನೂ ಕರೆದುಕೊಂಡು ಹೋದರು.

"ಕಾಕಾರೀ, ನಮಗ ಪ್ಲಾಟ ಕೊಡಿಸಿದವ್ರು ಸಾಹೇಬ್ರು. ಮರತೀರೇನು?" ಎಂದ ಸಭೆ ಕರೆದ ಮುಖಂಡ.

"ಮರತಿಲ್ಲಪಾ. ಸಾಹೇಬ್ರ ಹೆಸರು ಜಮಖಂಡ್ಯಾಗ ಐತಿ, ಮುಧೋಳದಾಗ ಐತಿ, ಬನಹಟ್ಟ್ಯಾಗೂ ಐತಿ. ಎಕ್ಕಿಹಾಳಕ್ಕ ಇದೊಂದ ಜಾಗಾ ಉಳದೈತಿ."

"ಎಕ್ಕಿಹಾಳದಾಗ ಈಗ ಬರೇ ಮೀನ ಅದಾವು. ಅವಕ್ಕೂ ಬಸ್ ಬಿಡಸೂಣೇನ್ರೀ?" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು.

ಕಾಕಾ ನನ್ನ ಕಡೆ ತಿರುಗಿ, "ನೀ ಕಲತಾಂವ ಅದೀ, ಒಂದೀಟು ತಿಳಿಸಿ ಹೇಳು" ಎಂದರು. ನಾನು ಸ್ಥಳನಾಮ, ಸಾರ್ವಜನಿಕ ಸ್ಮೃತಿ ಎಂದೆಲ್ಲ ಭಾಷಣ ಮಾಡಿದೆ. ಕಾಕಾನಿಗೂ ಅದು ತಿಳಿಯಲಿಲ್ಲ ಎನಿಸುತ್ತದೆ. ಮುಖಂಡ ಸಮಾಧಾನದಿಂದ ಕೇಳಿಸಿಕೊಂಡು, "ಆತು. ಮದಲ ಸಾಹೇಬ್ರಿಗೆ ಎರಡ ನಿಮಿಷ ಶ್ರದ್ಧಾಂಜಲಿ. ಎಲ್ಲಾರೂ ಎದ್ದ ನಿಂದರ್ರಿ" ಎಂದ.

ಸತ್ತವರಿಗೆ ಯಾರು ತಾನೆ ಎದ್ದು ನಿಲ್ಲುವುದಿಲ್ಲ? ಮೌನ ಮುಗಿದು ಜನ ಕೂಡುವ ಮೊದಲೇ ಅವನೆಂದ: "ಎಲ್ಲಾರೂ ನಿಂತೀರಿ. ಅಂದ್ರ ಎಲ್ಲಾರದೂ ಒಪ್ಪಿಗಿ ಐತಿ. ಹಿಂಗ ಸಾಲಾಗಿ ಬಂದು ಸಹಿ ಮಾಡ್ರಿ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಬಹುಶಃ ಆ ಉಪಾಯವನ್ನು ಕಾಕಾ ಮೊದಲೇ ಊಹಿಸಿದ್ದರು. ಅವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿದಂತಿದೆ. ಯಾರೋ ಅವರ ಭುಜ ಅಲುಗಿಸಿದ್ದೂ... ಅವರ ಪಕ್ಕದ ಕುರ್ಚಿಯಲ್ಲಿ ನಾನಿದ್ದೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಹೊಸ ಬೋರ್ಡು ಬಂದ ಮೇಲೂ ಕಾಕಾ ಬಸ್ಸಿನಲ್ಲಿ ಹಳೆಯ ಹೆಸರನ್ನೇ ಹೇಳಿ ಟಿಕೆಟ್ ಕೇಳುತ್ತಿದ್ದರು. "ಆ ಹೆಸರಿನ ಸ್ಟಾಪ್ ಇಲ್ರೀ ಅಜ್ಜಾರ" ಎಂದು ಹೊಸ ಹುಡುಗರು ಹೇಳಿದರೆ, ಮುಂದಿನ ಸ್ಟಾಪಿಗೆ ಟಿಕೆಟ್ ತೆಗೆಸಿ, ಅಲ್ಲಿ ಇಳಿದು ಹಿಂದಕ್ಕೆ ನಡೆದು ಬರುತ್ತಿದ್ದರು. ಆ ಸಭೆಯ ನಂತರ ನನ್ನಿಂದ ಒಂದು ಅರ್ಜಿಯನ್ನೂ ಬರೆಸಲಿಲ್ಲ. ಊರಿನ ಮೇಲಿನ ಸಿಟ್ಟು ಎಂದುಕೊಂಡೆ. ಅವರು ಹೋಗಿ ಈಗ ನಾಲ್ಕು ವರ್ಷ. ಎಕ್ಕಿಹಾಳ ಎಂದು ಕೂಗುವವರು ಯಾರೂ ಉಳಿದಿಲ್ಲ.

ಟಿಕೆಟ್ ನೋಡಿದ ಮರುವಾರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಆ ಸಭೆಯ ಠರಾವಿನ ನಕಲು ತರಿಸಿದೆ. ಸಹಿಗಳಲ್ಲಿ ಕಾಕಾನದು ಇಲ್ಲ. ಏಳನೆಯದು ನನ್ನದು. ಹೆಸರಿನ ಮುಂದೆ ಎಂ.ಎ. ಎಂದೂ ಬರೆದಿದ್ದೇನೆ.