ಸಕ್ಕರೆಯ ಕೈ ಹಿಡಿದ ನೀರು

ಚಹಾದ ಚಮಚ ಕೈಗೆ ಬಂದರೆ ಈಗಲೂ ನನ್ನ ಬೆರಳುಗಳು ಸಣ್ಣಗೆ ನಡುಗುತ್ತವೆ. ವಯಸ್ಸಾಯಿತು ಎಂದು ನೋಡಿದವರು ತಿಳಿದುಕೊಳ್ಳುತ್ತಾರೆ. ತಿಳಿದುಕೊಳ್ಳಲಿ ಎಂದು ಸುಮ್ಮನಿರುತ್ತೇನೆ. ನಿಜವಾಗಿ ಅದು ಹೆದರಿಕೆ.

ಮಸ್ಕಿಯ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು ನಾನು. ಸಕ್ಕರೆ ಏಕೆ ಕರಗುತ್ತದೆ, ಎಣ್ಣೆ ಏಕೆ ತೇಲುತ್ತದೆ ಎಂಬುದು ನನ್ನ ಮೆಚ್ಚಿನ ಪಾಠ. ಸಕ್ಕರೆಯ ಕಣಕ್ಕೆ ನೀರು ಹಿಡಿಯಬಹುದಾದ ಕೈಗಳು ಬಹಳ. ಆ ಕೈ ಹಿಡಿದು ನೀರು ಅದನ್ನು ಒಳಗೆ ಕರೆದುಕೊಳ್ಳುತ್ತದೆ. ಎಣ್ಣೆ, ತುಪ್ಪಕ್ಕೆ ಅಂಥ ಕೈಗಳಿಲ್ಲ. ನೀರು ನೀರನ್ನೇ ಹಿಡಿದುಕೊಂಡು ಅವನ್ನು ಹೊರಗಿಡುತ್ತದೆ, ಮದುವೆ ಮನೆಯಲ್ಲಿ ಬೀಗರು ಬೀಗರೊಂದಿಗೇ ಮಾತಾಡುವಂತೆ. ಹುಡುಗರು ನಗುತ್ತಿದ್ದರು. ಆ ಪಾಠದಲ್ಲಿ ಹೆದರುವಂಥದ್ದೇನೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಮಗಳು ತನ್ನ ಒಂದೂವರೆ ವರ್ಷದ ಕೂಸನ್ನು ತುರ್ವಿಹಾಳದ ನಮ್ಮ ಮನೆಯಲ್ಲಿ ಬಿಟ್ಟು ಲಿಂಗಸೂಗೂರಿಗೆ ಕೆಲಸಕ್ಕೆ ಹೋಗಿದ್ದಳು. ಒಂದು ದಿನ ಬೆಳಿಗ್ಗೆಯೇ ಕೂಸಿಗೆ ಭೇದಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಅದು ಅಳುತ್ತಿತ್ತು, ಕಣ್ಣಲ್ಲಿ ಮಾತ್ರ ಹನಿ ನೀರಿಲ್ಲ. ಸಿಂಧನೂರಿನ ಡಾಕ್ಟರಿಗೆ ಫೋನ್ ಮಾಡಿದೆ.

"ಕಾಸಿ ಆರಿಸಿದ ಲೀಟರ್ ನೀರಿಗೆ ಚಹಾದ ಚಮಚದಾಗ ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು ಹಾಕ್ರಿ ಸರ. ಕಣ್ಣೀರಿಗಿಂತ ಉಪ್ಪಾಗಬಾರ್ದು. ಚಮಚ ಚಮಚ ಕುಡಿಸಿಕೋಂತ ಇಲ್ಲಿಗೆ ಕರಕೊಂಡು ಬರ್ರಿ. ಉಚ್ಚಿ ಹೊಯ್ದ್ರ ನೀರು ಮೈಗೆ ಹತ್ತೈತಂತ ತಿಳ್ಕೋರಿ," ಎಂದರು.

ಕಲಸಿ ರುಚಿ ನೋಡಿದೆ. ಹೋಲಿಸಲು ಕಣ್ಣೀರು ಹುಡುಕಬೇಕಾಗಿರಲಿಲ್ಲ, ಆಗಲೇ ನನ್ನ ತುಟಿಗೆ ಇಳಿದಿತ್ತು.

ನಾನೂ ಹೆಂಡತಿಯೂ ಹತ್ತಿದ ಆಟೋ ಕಾಲುವೆ ದಂಡೆ ಹಿಡಿದು ಓಡಿತು. ಆಚೆ ಈಚೆ ಗದ್ದೆಗಳಲ್ಲಿ ನೀರು ನಿಂತಿತ್ತು. ನನ್ನ ತೊಡೆಯ ಮೇಲಿನ ಕೂಸು ಒಣಗುತ್ತಿತ್ತು. ಹೆಂಡತಿ ಅದರ ಹೊಕ್ಕುಳಿಗೆ ಹಚ್ಚಿದ್ದ ಹರಳೆಣ್ಣೆ ಚರ್ಮದ ಮೇಲೆ ಹಾಗೇ ಹೊಳೆಯುತ್ತಿತ್ತು. ಆಟೋ ಕುಲುಕಿದಾಗೆಲ್ಲ ಅರ್ಧ ಚಮಚ ನೀರು ಕೂಸಿನ ಬಾಯಿಗೆ, ಅರ್ಧ ನನ್ನ ಅಂಗಿಗೆ.

"ಕುಡಿಸಬ್ಯಾಡ್ರಿ, ಹಾಕಿದಷ್ಟೂ ಹೊರಗ ಬರಾಕತ್ತೈತಿ," ಎಂದಳು ಹೆಂಡತಿ.

"ಸಕ್ಕರಿ, ಉಪ್ಪು ಜೋಡಿಯಾಗಿ ಕರುಳಿನಿಂದ ಒಳಗ ಹೋಗ್ತಾವ. ಅವುಗಳ ಹಿಂದ ನೀರೂ ಹೋಗತೈತಿ," ಎಂದೆ.

"ಹೋಗಲಿಲ್ಲಂದ್ರ?"

ಇಷ್ಟು ವರ್ಷ ಪಾಠ ಮಾಡಿದರೂ ಯಾವ ಹುಡುಗನೂ ಆ ಪ್ರಶ್ನೆ ಕೇಳಿರಲಿಲ್ಲ. ಕೂಸಿನ ಕಣ್ಣುಗಳು ಮುಚ್ಚುತ್ತಿದ್ದವು. ಮಗಳಿಗೆ ಏನು ಹೇಳಲಿ ಎಂಬ ಯೋಚನೆ ಬಂತು. ಆದರೂ ಚಮಚ ಬಿಡಲಿಲ್ಲ. ಬಿಟ್ಟರೆ ಮಾಡುವುದಕ್ಕೆ ಬೇರೇನೂ ಇರಲಿಲ್ಲ.

ಸಿಂಧನೂರಿನ ಮೊದಲ ಅಂಗಡಿಗಳು ಕಾಣುವಾಗ ತೊಡೆಯ ಮೇಲೆ ಬೆಚ್ಚಗೆ ಏನೋ ಹರಿಯಿತು. ಚಮಚದ ನೀರು ತಣ್ಣಗಿತ್ತು, ಇದು ಅದಲ್ಲ. ಹಗಲೆಲ್ಲ ಒಣಗಿದ್ದ ಕೂಸು ನನ್ನ ಬಿಳಿ ಧೋತರದ ಮೇಲೆ ಉಚ್ಚೆ ಹೊಯ್ಯುತ್ತಿತ್ತು. ಗಾಬರಿಯಲ್ಲಿ ಅರ್ಧ ಎದ್ದೆ. ಹೆಂಡತಿ ನನ್ನ ಭುಜ ಒತ್ತಿ ಕೂರಿಸಿದಳು.

"ಅಲುಗಬ್ಯಾಡ್ರಿ. ಪೂರ್ತಿ ಹೊಯ್ಲಿ."

ಡಾಕ್ಟರು ಕೂಸನ್ನು ನೋಡಿ ಸರಿಯಾದದ್ದನ್ನೇ ಮಾಡಿದ್ದೀರಿ ಎಂದರು, ವಿಜ್ಞಾನದ ಮೇಷ್ಟ್ರಲ್ಲವೇ ಎಂದೂ ಸೇರಿಸಿದರು. ನಾನು ತಲೆಯಾಡಿಸಿದೆ. ಸಕ್ಕರೆ ನೀರನ್ನು ಕೈಬಿಡುವುದಿಲ್ಲವೆಂದು ಜೀವಮಾನವಿಡೀ ಹೇಳಿಕೊಟ್ಟಿದ್ದೆ. ಅದನ್ನು ನಂಬಿದ್ದು ಮಾತ್ರ ಧೋತರ ಒದ್ದೆಯಾದ ಮೇಲೆ.