ಗಿಣಿ ಅಜ್ಜಿಯ ಮನೆಗೆ ಹೋದ ಶನಿವಾರ

ನಮ್ಮ ಬಾಲವಾಡಿಯ ಗಿಣಿಯನ್ನು ಹೊಲಿದವಳು ನಾನೇ. ಹಸಿರು ಕುಪ್ಪಸದ ಬಟ್ಟೆ, ಹತ್ತಿ ತುಂಬಿದ ತಲೆ, ಕೆಂಪು ಕೊಕ್ಕು, ಕಣ್ಣಿಗೆ ಹಳೇ ಅಂಗಿಯ ಗುಂಡಿಗಳು. ಕೆಳಗಿನಿಂದ ಕೈ ತೂರಿಸಿದರೆ ಕೊಕ್ಕು ಆಡುತ್ತಿತ್ತು. ಬೆಂಗೇರಿಯ ಒಂದು ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾನು ಈ ಬಾಲವಾಡಿ ನಡೆಸುತ್ತೇನೆ. ಮೂರು ನಾಲ್ಕು ವರ್ಷದ ಮಕ್ಕಳು. ನಾನು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ, ಗಿಣಿ ಒಂದು ಮಾತು ಹೇಳಿದರೆ ಸಾಕು, ಕೈಕಟ್ಟಿ ಕೂರುತ್ತವೆ. ಗಿಣಿ ಸುಳ್ಳು ಹೇಳುವುದಿಲ್ಲ ಎಂದು ಮೊದಲ ದಿನವೇ ಅವುಗಳ ತಲೆಯಲ್ಲಿ ಕೂರಿಸಿಬಿಟ್ಟಿದ್ದೆ. ಯಾರು ಯಾರನ್ನು ಚಿವುಟಿದರು, ಯಾರ ಡಬ್ಬಿಯ ಉಂಡಿ ಯಾರ ಹೊಟ್ಟೆ ಸೇರಿತು, ಎಲ್ಲದಕ್ಕೂ ಗಿಣಿಯದ್ದೇ ತೀರ್ಪು. ಶನಿವಾರ ಒಂದು ಮಗು ಗಿಣಿಯನ್ನು ಮನೆಗೆ ಒಯ್ಯುತ್ತದೆ, ಮನೆಯವರು ಗಿಣಿಯ ಬಾಯಲ್ಲಿ ಒಂದು ಕಥೆ ಹೇಳಿಸುತ್ತಾರೆ. ಸೋಮವಾರ ಆ ಮಗು ಗಿಣಿಯನ್ನು ಕೈಗೆ ಹಾಕಿಕೊಂಡು ಅದೇ ಕಥೆಯನ್ನು ಎಲ್ಲರಿಗೂ ಹೇಳಬೇಕು.

ಆ ವರ್ಷ ಅರಳೆ ವ್ಯಾಪಾರದ ಮನೆತನದ ಒಬ್ಬ ಹುಡುಗಿ ಬಂದಿದ್ದಳು. ಅವಳ ತಾಯಿ ಗಂಡನ ಏಟು ತಾಳಲಾರದೆ ರಾಯಾಪುರದ ತವರಿಗೆ ಹೋಗಿದ್ದಳು. ಮಗುವನ್ನು ಗಂಡನ ಮನೆಯವರು ಬಿಟ್ಟುಕೊಟ್ಟಿರಲಿಲ್ಲ. ಕೋರ್ಟಿನಲ್ಲಿ ಕೇಸು ನಡೆದಿತ್ತು. ತಾಯಿ ವಾರಕ್ಕೊಮ್ಮೆ ಬಸ್ಸಿಳಿದು ಬಂದು, ನಮ್ಮ ಕಟ್ಟೆಯ ಮೇಲೆ ಕೂತು, ಮಗಳ ತಲೆ ಬಾಚಿ, ಶೇಂಗಾ ಹೋಳಿಗೆ ತಿನ್ನಿಸಿ ಹೋಗುತ್ತಿದ್ದಳು. ಅವಳ ಪಾಲಿಗೆ ಉಳಿದ ಸಂಸಾರ ಅಷ್ಟೇ.

ಇದು ಅಜ್ಜಿಗೆ, ಅಂದರೆ ಅವಳ ಅತ್ತೆಗೆ, ಗೊತ್ತಾಯಿತು. ಹಿರಿಯಳು, ಬಹುವಚನ ಕೊಡಬೇಕು, ನನ್ನ ಕೈಲಾಗುವುದಿಲ್ಲ. ಹಣೆ ತುಂಬ ವಿಭೂತಿ, ಬೆಣ್ಣೆಯಂಥ ಮಾತು. ಕಥೆ ಹೇಳುವುದರಲ್ಲಂತೂ ಆಕೆಯನ್ನು ಮೀರಿಸುವವರಿಲ್ಲ. ಹಿಂದೊಮ್ಮೆ ನಮ್ಮಲ್ಲಿ ಬಂದು ಗಿಣಿಯನ್ನು ಕೈಗೆ ಹಾಕಿಕೊಂಡು ಕಥೆ ಹೇಳಿದಾಗ ಮಕ್ಕಳು ಮೂಗು ಒರೆಸಿಕೊಳ್ಳುವುದನ್ನೂ ಮರೆತಿದ್ದವು. ಖರೇ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಗಿತ್ತು.

ಆಕೆ ಒಂದು ಶುಕ್ರವಾರ ಬಂದು, ಇನ್ನು ಸೊಸೆ ಬಂದರೆ ಗೇಟು ತೆಗೆಯಬೇಡಿ ಎಂದಳು. ಹೆತ್ತವಳನ್ನು ತಡೆಯಲು ನಾನೇನು ವಾಚ್‌ಮನ್ನೇ ಎಂದು ಕೇಳಿದೆ. ನನ್ನ ಬಾಯಿ ಮೊದಲೇ ಕೆಟ್ಟದ್ದು. ಆಕೆ ಸಿಟ್ಟಾಗಲಿಲ್ಲ.

“ಆತು ಬಿಡ್ರಿ ಅಕ್ಕೋರ. ನೀವು ತಡೀಬ್ಯಾಡ್ರಿ. ನಮ್ಮ ಕೂಸು ತಾನ ಹೋಗೂದಿಲ್ಲ.”

ಮರುದಿನ ಶನಿವಾರ, ಗಿಣಿಯನ್ನು ಒಯ್ಯುವ ಸರದಿ ಆ ಹುಡುಗಿಯದೇ ಆಗಿತ್ತು. ಸೋಮವಾರ ಅವಳು ಗಿಣಿ ಹಾಕಿಕೊಂಡು ನಡುವೆ ಕೂತಳು. ದನಿ ಎಳೇದು, ರಾಗ ಮಾತ್ರ ಅಜ್ಜಿಯದು. ಅವ್ವ ಸತ್ತುಹೋದಳಂತೆ. ಈಗ ಅವ್ವನ ಸೀರೆ ಉಟ್ಟು, ಅವ್ವನ ದನಿಯಲ್ಲಿ ಕರೆಯುತ್ತಾ ಒಂದು ದೆವ್ವ ಬರುತ್ತದಂತೆ. ಅದರ ಮುಖ ನೋಡಬಾರದಂತೆ, ನೋಡಿದವರೂ ದೆವ್ವವಾಗುತ್ತಾರಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದವು. ಇಲ್ಲ ಕಂದ, ನಿಮ್ಮವ್ವ ರಾಯಾಪುರದಲ್ಲಿ ಆರಾಮಾಗಿದ್ದಾಳೆ ಎಂದೆ. ಆ ಹುಡುಗಿ ನನ್ನನ್ನು ನೋಡಿ, ಗಿಣಿ ಸುಳ್ಳು ಹೇಳುವುದಿಲ್ಲ ಎಂದು ನನಗೇ ತಿಳಿಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಗಿಣಿಯನ್ನು ಕಪಾಟಿಗೆ ಹಾಕಿ ಕೀಲಿ ಜಡಿದು ಅಜ್ಜಿಗೆ ಫೋನ್ ಮಾಡಿದೆ. ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು ಆಕೆ ಹೇಳಿದ್ದು ಇಷ್ಟೇ: “ಕಥಿ ಹೇಳೀನ್ರಿ. ಕಥ್ಯಾಗ ಯಾರರ ಸಾಯಬೇಕಲ್ಲ?”

ಗುರುವಾರ ತಾಯಿ ಬಂದಳು. ಅವಳಿಗೆ ಮೊದಲೇ ಹೇಳೋಣವೆಂದರೆ ನನ್ನ ಬಳಿ ನಂಬರು ಇರಲಿಲ್ಲ. ಗೇಟಿನಲ್ಲಿ ನಿಂತು ಮಗಳನ್ನು ಕರೆದದ್ದೇ ತಡ, ಮಗು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಕಿರುಚಿದಳು. ದೆವ್ವ ಬಂತು ಎಂದು ಉಳಿದವೂ ಒಳಗೆ ಓಡಿದವು. ಒಬ್ಬ ಪೋರ ತನ್ನ ಚಪ್ಪಲಿ ಕಿತ್ತು ಎಸೆದ. ಅದು ಹೋಗಿ ಅವಳ ಎದೆಗೆ ಬಡಿಯಿತು. ಅವಳು ಅಳಲಿಲ್ಲ, ಏನಾಗಿದೆ ಎಂದೇ ಅವಳಿಗೆ ಗೊತ್ತಾಗಲಿಲ್ಲ. ನಾನು ಅವಳ ಕೈಹಿಡಿದು ಕಟ್ಟೆಯ ಮೇಲೆ ಕೂರಿಸಿ ಎಲ್ಲ ಹೇಳಿದೆ. ಕಿಟಕಿಯಿಂದ ಮಗು ಅದನ್ನು ಕಂಡಿರಬೇಕು. ಅಂದಿನಿಂದ ಮಗು ನನ್ನ ಮುಖವನ್ನೂ ನೋಡಲಿಲ್ಲ. ಏನು ಕೇಳಿದರೂ ನೆಲ ನೋಡಿಕೊಂಡೇ ಉತ್ತರ.

ತಾಯಿ ಮತ್ತೆ ಬಂದಳು, ಮತ್ತೂ ಬಂದಳು. ಒಮ್ಮೆ ಮಗು ಹೆದರಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಸ್ವಲ್ಪ ದಿನ ಬಿಟ್ಟು ಬಾರವ್ವ ಎಂದೆ.

“ಬಿಟ್ರ ಆಕಿ ನನ್ನ ಮಾರೀನ ಮರೀತಾಳ್ರಿ ಅಕ್ಕೋರ,” ಎಂದು ತನ್ನ ಮುಖ ಸವರಿಕೊಂಡಳು.

ಆಗ ನನಗೆ ಕಪಾಟು ನೆನಪಾಯಿತು. ನನ್ನ ಮಾತು ನಡೆಯುವುದಿಲ್ಲ, ತಾಯಿಯ ಮಾತು ನಡೆಯುವುದಿಲ್ಲ. ಆದರೆ ಅವ್ವ ಬದುಕಿದ್ದಾಳೆ ಎಂದು ಗಿಣಿಯೇ ಹೇಳಿಬಿಟ್ಟರೆ? ಆ ಮಗು ದಿನಾ ಗಿಣಿ ಎಲ್ಲಿ ಎಂದು ಕೇಳುತ್ತಿದ್ದಳು. ಒಳಕೋಣೆಯಲ್ಲಿ ಹಳೇ ಸೀರೆಯ ಪರದೆ ಕಟ್ಟಿ ಅದರ ಹಿಂದೆ ತಾಯಿಯನ್ನು ಕೂರಿಸಿದೆ. ಗಿಣಿಯನ್ನು ಪರದೆಯ ಮೇಲೆತ್ತಿ ಕೊಕ್ಕು ಆಡಿಸುವುದನ್ನು ತೋರಿಸಿಕೊಟ್ಟೆ. ದನಿ ಸಣ್ಣ ಮಾಡು, ಅಳಬೇಡ, ಅತ್ತರೆ ಎಲ್ಲ ಕೆಡುತ್ತದೆ ಎಂದೆ.

ಗಿಣಿ ಬಂದಿದೆ ಎಂದೊಡನೆ ಮಗು ಓಡಿ ಬಂದಳು. ಎಷ್ಟು ದಿನವಾದ ಮೇಲೆ ಆ ಮುಖ ಅರಳಿತ್ತು! ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ರಾಯಾಪುರಕ್ಕೆ ಹೋಗಿದ್ದೆ ಎಂದಿತು ಗಿಣಿ. ಏನು ತಿಂದೆ ಎಂದಳು. ಶೇಂಗಾ ಹೋಳಿಗೆ ಎಂದಿತು. ಮಗು ನಕ್ಕಳು, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಕೊಕ್ಕು ಸವರಿದಳು. ಶಿವನೇ, ಇದೊಂದು ನಡೆಸಿಕೊಡಪ್ಪ ಎಂದು ಬಾಗಿಲಲ್ಲಿ ನಿಂತು ಬೇಡಿಕೊಂಡೆ.

“ನಿಮ್ಮವ್ವ ಸತ್ತಿಲ್ಲವ್ವ,” ಎಂದಿತು ಗಿಣಿ. “ಛಲೋ ಅದಾಳ. ನಿನ್ನ ಭಾಳ ನೆನಸ್ತಾಳ.”

ಮಗುವಿನ ಕೈ ನಿಂತಿತು.

“ನೀ ಆಕಿ ಮಾರಿ ನೋಡಿದೇನು?”

“ಹೂಂ, ನೋಡೀನಿ. ಚಂದ ಐತಿ, ನಿನ್ನಂಗ.”

ಮಗು ಒಂದೊಂದೇ ಹೆಜ್ಜೆ ಹಿಂದೆ ಸರಿದಳು.

“ಹಂಗಾರ ನೀನೂ ದೆವ್ವ ಆದಿ,” ಎಂದಳು.

ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಕೂತಳು. ಪರದೆಯ ಮೇಲೆ ಗಿಣಿಯ ಕೊಕ್ಕು ತೆರೆದು ಮುಚ್ಚುತ್ತಲೇ ಇತ್ತು, ದನಿ ಹೊರಡಲಿಲ್ಲ. ಮಧ್ಯಾಹ್ನ ಅಜ್ಜಿ ಬಂದು ಕರೆದಾಗ ಮಗು ಕಣ್ಣು ಬಿಟ್ಟು ಓಡಿಹೋಗಿ, ಅವಳ ಸೆರಗಿನಲ್ಲಿ ಮುಖ ಹುದುಗಿಸಿದಳು.